ಎರಡನೇ ಕ್ಲಚ್

ನಾನು ಮದುವೆಯಾಗಿ ನ್ಯಾಮತಿಗೆ ಬರುವ ಹೊತ್ತಿಗೇ ನಮ್ಮ ಮನೆಯ ಜೀಪು ಹಳೆಯದಾಗಿತ್ತು. ಡೀಸೆಲ್ ಗಾಡಿ, ಮೇಲೆ ಕ್ಯಾನ್ವಾಸಿನ ಹೊದಿಕೆ, ಕೆಸರಿನಲ್ಲಿ ನಾಲ್ಕೂ ಚಕ್ರಕ್ಕೆ ಎಳೆತ ಕೊಡುವ ಇನ್ನೊಂದು ಪುಟ್ಟ ಗೇರು. ಚಳಿಗಾಲದ ಬೆಳಿಗ್ಗೆ ಅದನ್ನು ಚಾಲೂ ಮಾಡುವುದೆಂದರೆ ಮಲಗಿದ ಎಮ್ಮೆಯನ್ನು ಎಬ್ಬಿಸಿದ ಹಾಗೆ. ಮೊದಲು ಹೀಟರ್ ಕೊಟ್ಟು ಕಾಯಬೇಕು, ಆಮೇಲೆ ಕೀಲಿ ತಿರುಗಿಸಬೇಕು. ಅದು ಒಮ್ಮೆ ಕೆಮ್ಮಿ, ಅಂಗಳದ ತುಂಬ ಹೊಗೆ ಬಿಟ್ಟು, ಆಮೇಲೆ ದಡದಡ ಎನ್ನತೊಡಗುತ್ತಿತ್ತು. ಅತ್ತೆ ಹಿತ್ತಲಿನಿಂದಲೇ "ಎದ್ದಳೇನಪ್ಪಾ ನಿನ್ನ ಹಿರೇ ಹೆಂಡ್ತಿ?" ಎಂದು ಮಗನನ್ನು ಕೇಳುತ್ತಿದ್ದರು. ನಾನು ನಗುತ್ತಿದ್ದೆ. ಮಾತು ಪೂರ್ತಿ ಸುಳ್ಳೂ ಆಗಿರಲಿಲ್ಲ. ಭಾನುವಾರ ಬಂತೆಂದರೆ ನಮ್ಮ ಯಜಮಾನರು ಚಾಪೆ ಹಾಸಿಕೊಂಡು ಆ ಗಾಡಿಯ ಕೆಳಗೆ ಸೇರಿಕೊಂಡುಬಿಡುತ್ತಿದ್ದರು. ಗ್ರೀಸ್ ಹಾಕುವುದು, ಕಮಾನುಪಟ್ಟಿಯ ಬೋಲ್ಟು ಬಿಗಿ ಮಾಡುವುದು, ಎಲ್ಲಿ ಆಯಿಲ್ ಜಿನುಗುತ್ತಿದೆ ಎಂದು ಬೆರಳಾಡಿಸಿ ನೋಡುವುದು. ಊಟಕ್ಕೆ ಕರೆದರೆ ಎರಡು ಪಾದ ಮಾತ್ರ ಹೊರಗೆ ಕಾಣುತ್ತಿದ್ದವು.

ನಮ್ಮ ಯಜಮಾನರ ಕಸುಬು ಬೋರ್‌ವೆಲ್‌ನಲ್ಲಿ ಕೆಟ್ಟುನಿಂತ ಮೋಟಾರುಗಳನ್ನು ಮೇಲೆತ್ತುವುದು. ಜೀಪಿನ ಮುಂದೆ ಇಂಜಿನ್ನಿನಿಂದಲೇ ತಿರುಗುವ ವಿಂಚ್ ಕೂರಿಸಿದ್ದರು. ಬೋರಿನ ಬಾಯಿಯ ಮೇಲೆ ಮೂರು ಕಾಲಿನ ಕಬ್ಬಿಣದ ಗಳು ನಿಲ್ಲಿಸಿ, ಅದರ ರಾಟೆಯ ಮೇಲೆ ವಿಂಚಿನ ಉಕ್ಕಿನ ಹಗ್ಗ ಹಾಯಿಸಿ, ಒಂದೊಂದೇ ಪೈಪು ಎತ್ತಿ, ಕ್ಲಾಂಪ್ ಹಾಕಿ ನಿಲ್ಲಿಸಿ, ಬಿಚ್ಚಿ ಇಡಬೇಕು. ಕೊನೆಯ ಪೈಪಿನ ತುದಿಗೆ ಮೋಟಾರು ಬರುತ್ತದೆ. ಇಬ್ಬರು ಜೊತೆಗಾರರು ಬೋರಿನ ಹತ್ತಿರ ನಿಂತರೆ ಇವರು ಜೀಪಿನಲ್ಲಿ ಕೂತು ಕ್ಲಚ್ಚನ್ನು ಕೂದಲೆಳೆಯಷ್ಟು ಒತ್ತುತ್ತ, ಬಿಡುತ್ತ ಹಗ್ಗ ಎಳೆಸುತ್ತಿದ್ದರು. ಸ್ವಲ್ಪ ಜಗ್ಗಿದರೂ ಪೈಪು ಕಳಚಿ ಒಳಗೆ ಬೀಳುತ್ತದೆ. ಅದಕ್ಕೇ ಜನ ಇವರನ್ನೇ ಹುಡುಕಿಕೊಂಡು ಬರುತ್ತಿದ್ದರು.

ಒಂದು ಸುಗ್ಗಿಯಲ್ಲಿ ಜೀಪು ರಿಪೇರಿಗೆಂದು ಹೊನ್ನಾಳಿಯ ಗ್ಯಾರೇಜಿನಲ್ಲಿತ್ತು. ಅದನ್ನು ನೋಡಿಕೊಂಡು ಇವರು ಸಂಜೆ ಬೈಕಿನಲ್ಲಿ ವಾಪಸು ಬರುತ್ತಿದ್ದರು. ನಮ್ಮ ಕಡೆ ಆ ದಿನಗಳಲ್ಲಿ ರಸ್ತೆಯ ಅರ್ಧಭಾಗ ಮೆಕ್ಕೆಜೋಳ ಹರವಿರುತ್ತಾರೆ. ಎದುರಿಗೆ ಟ್ರಾಕ್ಟರ್ ಬಂತೆಂದು ಇವರು ಪಕ್ಕಕ್ಕೆ ಸರಿದರು. ಕಾಳಿನ ಮೇಲೆ ಬೈಕು ಜಾರಿತು. ಟ್ರೇಲರಿನ ಚಕ್ರದ ಕೆಳಗೆ ಎಡಗಾಲು ಸಿಕ್ಕಿತು. ಶಿವಮೊಗ್ಗದಲ್ಲಿ ಡಾಕ್ಟರು ಮೊಣಕಾಲಿನ ಮೇಲಕ್ಕೆ ಕಾಲು ತೆಗೆಯಬೇಕಾಯಿತು.

ಜೋಳ ಹರವಿದ್ದ ರೈತ ಸಾಸ್ವೆಹಳ್ಳಿ ಕಡೆಯವನು. ಆಸ್ಪತ್ರೆಗೆ ಬಂದು ಮಂಚದ ಅಂಚು ಹಿಡಿದುಕೊಂಡು ನಿಂತ. ಅಳುತ್ತಲೇ ಇದ್ದ. ಇವರು ಅವನನ್ನು ನೋಡಿ, "ನಾವೂ ರಸ್ತೆ ಮ್ಯಾಲೇ ಒಣಗಿಸ್ತೀವಿ ಕಣಪ್ಪ. ಮನೆಗೆ ಹೋಗು, ಮಳೆ ಬರೋ ಹಂಗೈತೆ, ಜೋಳ ತೊಯ್ದೀತು" ಅಂದರು. ಅವನು ಹೋದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಕೃತಕ ಕಾಲು ಬಂತು. ನಡೆಯುವುದನ್ನು ಕಲಿತರು. ಆದರೆ ಗ್ಯಾರೇಜಿನಿಂದ ಬಂದು ಅಂಗಳದಲ್ಲಿ ನಿಂತಿದ್ದ ಜೀಪಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಒಂದು ದಿನ ಯಾರೂ ಇಲ್ಲವೆಂದುಕೊಂಡು ಹತ್ತಿ ಕೂತು ಚಾಲೂ ಮಾಡಿದರು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಗಾಡಿ ಒಮ್ಮೆ ಮುಂದಕ್ಕೆ ಹಾರಿ, ತೆಂಗಿನ ಬುಡಕ್ಕೆ ಗುದ್ದಿ ನಿಂತಿತು. ನಾನು ಓಡಿಹೋದಾಗ ಅವರು ಎರಡೂ ಕೈಯಿಂದ ಆ ಕಾಲನ್ನು ಎತ್ತಿ ಪೆಡಲ್ಲಿನ ಮೇಲೆ ಇಡುತ್ತಿದ್ದರು.

"ಕಾಲು ಪೆಡಲ್ ಮ್ಯಾಲೆ ಐತೋ, ಜಾರೈತೋ, ಏನೂ ಗೊತ್ತಾಗಂಗಿಲ್ಲ" ಅಂದರು. "ಇದನ್ನ ಮಾರಿಬಿಡಾನ."

ಒಬ್ಬ ಡ್ರೈವರನ್ನು ಇಟ್ಟು ನೋಡಿದೆವು. ಒಳ್ಳೆಯ ಮನುಷ್ಯನೇ. ಆದರೆ ಅವನು ವಿಂಚ್ ಎಳೆಸುವಾಗ ಇಂಜಿನ್ ಚೀರುವುದನ್ನು ಇವರಿಗೆ ಕೇಳಲಾಗುತ್ತಿರಲಿಲ್ಲ. ಹಲ್ಲು ಕಚ್ಚಿಕೊಂಡು ಪಕ್ಕದ ಬದುವಿನ ಮೇಲೆ ಕೂತಿರುತ್ತಿದ್ದರಂತೆ. ಮುಂದಿನ ಸುಗ್ಗಿ ಶುರುವಾದ ಮೇಲೆ ಅವನು ಟ್ರಾಕ್ಟರ್ ಕೆಲಸಕ್ಕೆ ಹೋದ. ಜೊತೆಗಾರರಿಬ್ಬರಿಗೂ ಗಾಡಿ ಓಡಿಸಲು ಬಾರದು. ಜೀಪು ಮತ್ತೆ ಅಂಗಳದಲ್ಲಿ ನಿಂತಿತು. ಅದರ ಸೀಟಿನ ಮೇಲೆ ಕೋಳಿ ಮೊಟ್ಟೆ ಇಡತೊಡಗಿತು.

ನಾನು ಹೊಲಿಗೆ ಮಾಡುತ್ತೇನೆ. ನ್ಯಾಮತಿಯ ಬಸ್‌ಸ್ಟ್ಯಾಂಡಿನ ಹತ್ತಿರ ಬ್ಲೌಸ್ ಹೊಲಿಯುವ ಅಂಗಡಿ ನನ್ನದು. ಅಂಗಡಿಯ ಮುಂದೆ ದಿನಾ ಡ್ರೈವಿಂಗ್ ಸ್ಕೂಲಿನ ಕಾರು ಬಂದು ನಿಲ್ಲುತ್ತಿತ್ತು. ಒಂದು ದಿನ ಕಲಿಸುವವನು ಬಾಗಿಲು ತೆರೆದಿಟ್ಟು ಚಹಾ ಕುಡಿಯಲು ಹೋದಾಗ ಒಳಗೆ ಕಣ್ಣು ಬಿತ್ತು. ಅವನು ಕೂರುವ ಸೀಟಿನ ಮುಂದೆಯೂ ಕ್ಲಚ್ಚು, ಬ್ರೇಕು ಇದ್ದವು. ಕಲಿಯುವವರು ತಪ್ಪಿದರೆ ಇವನು ಒತ್ತುವುದಕ್ಕೆ. ನಾನು ಹೊಲಿಯುತ್ತಿದ್ದ ಬ್ಲೌಸಿನ ತೋಳನ್ನು ಅಲ್ಲೇ ಬಿಟ್ಟು, ಹೊನ್ನಾಳಿಯ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ.

ಅವನು ಇವರಿಗೆ ಹಳೆಯ ಗೆಳೆಯ, ಮಾತಿನ ಮನುಷ್ಯ. "ಅಕ್ಕಾ, ಮಾಡಾಕೆ ಬರ್ತೈತೆ. ಆದ್ರೆ ಒತ್ತೋರು ಯಾರು?" ಅಂದ.

"ನಾನು."

"ಅಣ್ಣ ಒಪ್ಕಂತಾನಾ?" ಎಂದು ಕೇಳಿದ.

ಅಣ್ಣ ಒಪ್ಪಲಿಲ್ಲ. "ಗಾಡಿ ಅಂದ್ರೆ ಏನು ನಿನ್ನ ಹೊಲಿಗೆ ಮಿಷಿನ್ನಾ?" ಎಂದು ರೇಗಿದರು. "ನಾನೂ ದಿನಾ ಪೆಡಲ್ ತುಳಿಯೋಳೇ ರೀ" ಅಂದೆ. ಅತ್ತೆ ಅಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದರು. "ಒಂದು ಗಾಡಿನ ಇಬ್ರು ಓಡ್ಸೋದನ್ನ ನಾನಂತೂ ಕಂಡಿಲ್ಲ. ಆದ್ರೂ ಮೂಲೆ ಹಿಡಿದು ಕೂರೋದಕ್ಕಿಂತ ವಾಸಿ ಬಿಡು" ಅಂದರು ಮಗನಿಗೆ. ಅವರು ನನ್ನ ಪಕ್ಷ ವಹಿಸಿದ್ದು ನನಗೇ ಆಶ್ಚರ್ಯ.

ಮೆಕ್ಯಾನಿಕ್ ಬಂದು ಜೀಪಿನ ನೆಲದ ತಗಡು ಬಿಚ್ಚಿದ. ಅಡ್ಡಲಾಗಿ ಒಂದು ರಾಡು ಹಾಯಿಸಿ, ಎಡಸೀಟಿನ ಮುಂದೆ ಇನ್ನೊಂದು ಕ್ಲಚ್ ಪೆಡಲ್ ಬೆಸುಗೆ ಹಾಕಿದ. ಹೋಗುವ ಮುಂಚೆ ಗಂಭೀರವಾಗಿ ಹೇಳಿದ: "ಇದನ್ನ ರೋಡಿಗೆ ತರಂಗಿಲ್ಲ ಅಣ್ಣ. ಹೊಲದಾಗೆ, ಊರ ಸುತ್ತ ಬಂಡಿದಾರಿಯಾಗೆ, ಅಷ್ಟೇ. ರೋಡಿಗೆ ಬರಬೇಕಂದ್ರೆ ನಿನ್ನ ಕೈಗೇ ಕ್ಲಚ್ ಬರಬೇಕು, ಗಾಡಿ ಕಾಗದದಾಗೂ ಏರಬೇಕು. ಅದನ್ನ ನಾನು ಯೋಚನೆ ಮಾಡ್ತೀನಿ."

ಮೊದಲ ದಿನ ಕೊಯ್ಲಾದ ನಮ್ಮ ಜೋಳದ ಹೊಲದಲ್ಲಿ ಅಭ್ಯಾಸ. ಅವರು ಸ್ಟೀರಿಂಗ್, ಗೇರು, ಬ್ರೇಕು, ಎಕ್ಸಲರೇಟರು, ನಾನು ಕ್ಲಚ್ಚು.

"ಒತ್ತು."

ಒತ್ತಿದೆ.

"ಬಿಡು. ನಿಧಾನ. ನಿಧಾನ ಅಂದೆ!"

ಗಾಡಿ ಕಪ್ಪೆಯ ಹಾಗೆ ಕುಪ್ಪಳಿಸಿ ನಿಂತಿತು. ಮತ್ತೆ ಚಾಲೂ, ಮತ್ತೆ ಒತ್ತು, ಮತ್ತೆ ಕುಪ್ಪಳಿಸುವುದು. ಪಕ್ಕದ ಹೊಲದವರು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಇವರು ಬೈದರು. ನಾನು ಇಳಿದು ಮನೆಯ ಕಡೆ ಹೊರಟೆ. ಹೊಲದ ಅಂಚು ಮುಟ್ಟುವಷ್ಟರಲ್ಲಿ ಹಿಂದಿನಿಂದ ಹಾರ್ನ್ ಕೇಳಿತು. ತಿರುಗಿದರೆ ಅವರು ಸ್ಟೀರಿಂಗ್ ಹಿಡಿದು ನಗುತ್ತಿದ್ದರು. ಅಪಘಾತ ಆದಮೇಲೆ ಅವರು ಹಲ್ಲು ಕಾಣುವ ಹಾಗೆ ನಕ್ಕದ್ದು ಅದೇ ಮೊದಲು. "ಬಾರೇ ಮಾರಾಯ್ತಿ. ನೀನಿಲ್ದೆ ಇದು ಒಂದು ಹೆಜ್ಜೆ ಅಲ್ಲಾಡಲ್ಲ" ಅಂದರು. ಹಿಂದಿರುಗಿದೆ.

ಬರುಬರುತ್ತ ನನ್ನ ಕಾಲಿಗೆ ಆ ಪೆಡಲ್ಲಿನ ಸ್ವಭಾವ ತಿಳಿಯಿತು. ಎಷ್ಟು ಬಿಟ್ಟರೆ ಗಾಡಿ ನಡುಗುತ್ತದೆ, ಇನ್ನೆಷ್ಟು ಬಿಟ್ಟರೆ ಹೊರಡುತ್ತದೆ ಎಂಬುದು ಅಂಗಾಲಿಗೇ ಗೊತ್ತಾಗತೊಡಗಿತು. ಬೆಳಿಗ್ಗೆ ಸುತ್ತಮುತ್ತಲ ಹೊಲಗಳಿಗೆ ಇವರ ಜೊತೆ, ಮಧ್ಯಾಹ್ನದ ಮೇಲೆ ಅಂಗಡಿ. ಬೋರಿನ ಬಾಯಲ್ಲಿ ಜೊತೆಗಾರರು ಪೈಪಿಗೆ ಕೈಹಚ್ಚಿದರೆ ನಾನು ಇಂಜಿನ್ನಿನ ಸದ್ದಿಗೆ ಕಿವಿ ಕೊಟ್ಟು ಕೂರುತ್ತಿದ್ದೆ. ಸದ್ದು ಭಾರವಾದರೆ ಇವರು ಹೇಳುವ ಮುಂಚೆಯೇ ನನ್ನ ಕಾಲು ಕೆಳಗೆ ಹೋಗುತ್ತಿತ್ತು. 'ಒತ್ತು', 'ಬಿಡು' ಎನ್ನುವ ಮಾತು ಕಡಿಮೆಯಾಗುತ್ತ ಬಂದು ಒಂದು ದಿನ ಪೂರ್ತಿ ನಿಂತೇಹೋಯಿತು. ಅದು ನಿಂತದ್ದು ನಮಗಿಬ್ಬರಿಗೂ ಗೊತ್ತಾಗಲಿಲ್ಲ. ಮೋಟಾರು ಮೇಲೆ ಬಂದಮೇಲೆ ಒಬ್ಬ ಜೊತೆಗಾರ, "ಏನಕ್ಕಾ, ಇವತ್ತು ಗಂಡ ಹೆಂಡ್ತಿ ಮಾತು ಬಿಟ್ಟೀರಾ ಹೆಂಗೆ?" ಎಂದು ಕೇಳಿದಾಗಲೇ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಆ ದಿನಗಳಲ್ಲಿ ಗಾಡಿಯ ಕೆಲಸವೂ ಕೈಗೆ ಹತ್ತಿತು. ಅವರಿಗೆ ಗಾಡಿಯ ಕೆಳಗೆ ನುಸುಳಲು ಕಷ್ಟವಾಗುತ್ತಿತ್ತು. ಸೀರೆಯ ಮೇಲೊಂದು ಹಳೆಯ ಅಂಗಿ ತೊಟ್ಟು ನಾನೇ ನುಸುಳುತ್ತಿದ್ದೆ. ಅವರು ಮೇಲೆ ಸ್ಟೂಲಿನ ಮೇಲೆ ಕೂತು ಹೇಳುತ್ತಿದ್ದರು. ಡೀಸೆಲ್ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡರೆ ಫಿಲ್ಟರಿನ ಮೇಲಿರುವ ಪುಟ್ಟ ಪಂಪನ್ನು ಬೆರಳಿನಿಂದ ಒತ್ತಿ ಒತ್ತಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ತೆಗೆಯಬೇಕು. ಅದನ್ನು ಮೊದಲ ಬಾರಿ ನಾನೊಬ್ಬಳೇ ಮಾಡಿ ಗಾಡಿ ಚಾಲೂ ಆದಾಗ, ಅತ್ತೆ ನನ್ನ ಮುಖದ ಮೇಲಿನ ಮಸಿ ನೋಡಿ ಸೆರಗು ಬಾಯಿಗೆ ಹಿಡಿದು ನಕ್ಕರು.

ಮೆಕ್ಯಾನಿಕ್ ಮಾತು ಮರೆತಿರಲಿಲ್ಲ. ಮೊದಲು ದಾವಣಗೆರೆಯ ಆರ್‌ಟಿಒ ಕಚೇರಿಗೆ ಹೋಗಿ, ಹೀಗೊಂದು ಬದಲಾವಣೆ ಮಾಡಿಸಬೇಕೆಂದು ಕೇಳಿ, ಅನುಮತಿ ತೆಗೆದುಕೊಂಡು ಬಂದೆವು. ಆಮೇಲೆ ಅವನು ಚನ್ನಗಿರಿಯ ಒಂದು ಲೇತ್ ಅಂಗಡಿಯಲ್ಲಿ ಕಬ್ಬಿಣದ ಹಿಡಿ ಮಾಡಿಸಿದ. ಅದನ್ನು ಗೇರಿನ ಕೋಲಿಗೇ ಕೂರಿಸಿದ. ಬೈಕಿನಲ್ಲಿ ಇರುವ ಹಾಗೆ, ಗೇರು ಹಿಡಿದ ಕೈಯ ಬೆರಳುಗಳೇ ಕ್ಲಚ್ಚನ್ನೂ ಎಳೆಯಬೇಕು. ಹಿಡಿಯಿಂದ ಕ್ಲಚ್ಚಿಗೆ ದಪ್ಪ ಕೇಬಲ್ಲು.

ನೋಡಲು ಚೆನ್ನಾಗಿತ್ತು. ಎಳೆದರೆ ಮಾತ್ರ ಬಂಡೆ ಎಳೆದ ಹಾಗೆ. ಹೊಲದಲ್ಲಿ ಎರಡು ಸುತ್ತು ಬರುವಷ್ಟರಲ್ಲಿ ಇವರ ಮುಂಗೈ ಬಾತುಕೊಂಡಿತು. ಆದರೂ ಹಠ ಬಿಡಲಿಲ್ಲ. ಕೊನೆಗೆ ಕಾಲುವೆ ಏರಿಯ ಮೇಲೆ ಕೇಬಲ್ಲು ಫಟ್ಟೆಂದು ತುಂಡಾಯಿತು. ನಾನು ಪಕ್ಕದಲ್ಲೇ ಇದ್ದೆ, ನನ್ನ ಪೆಡಲ್ಲೂ ಇತ್ತು, ಅದರಿಂದ ಗಾಡಿ ನಿಂತಿತು. ಇವರು ತುಂಡಾದ ಕೇಬಲ್ಲನ್ನು ಬಲಗೈಯಲ್ಲಿ ಹಿಡಿದುಕೊಂಡು ಕೂತರು. ಕೆಳಗೆ ನೀರು ಹರಿಯುತ್ತಿತ್ತು.

"ಇಷ್ಟಕ್ಕೇ ಸಾಕು. ನೀನು ಒತ್ತು, ನಾನು ಓಡಿಸ್ತೀನಿ, ಊರ ಸುತ್ತ ಎಷ್ಟು ಕೆಲಸ ಸಿಕ್ತೈತೋ ಅಷ್ಟು" ಅಂದರು.

ಒಂದು ಕ್ಷಣ ನನಗೂ ಹಾಗೇ ಅನ್ನಿಸಿತು. ನನಗೆ ಆ ಬೆಳಗುಗಳು ಇಷ್ಟವಾಗಿದ್ದವು. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾವು ಅಷ್ಟು ಹೊತ್ತು ಅಕ್ಕಪಕ್ಕ ಕೂತದ್ದೇ ಇಲ್ಲ. ಆದರೆ ಅವರ ಬಾತ ಕೈ ನೋಡಿದೆ. ಆ ಕೈ ಇನ್ನೂ ಹಿಡಿಯನ್ನು ಬಿಟ್ಟಿರಲಿಲ್ಲ.

"ಹೊನ್ನಾಳಿಗೆ ಫೋನ್ ಮಾಡ್ತೀನಿ, ತಡೀರಿ" ಅಂದೆ.

ಮೆಕ್ಯಾನಿಕ್ ತಲೆ ಕೆರೆದುಕೊಂಡು, "ಕೇಬಲ್ಲಿನ ಲೆಕ್ಕ ನಾನೇ ತಪ್ಪಿದೆ ಅಣ್ಣ" ಎಂದು ಒಪ್ಪಿಕೊಂಡ. ಈ ಸಲ ಗುಜರಿಗೆ ಬಂದ ಒಂದು ಪಿಕಪ್ ಗಾಡಿಯಿಂದ, ಬ್ರೇಕನ್ನು ಹಗುರ ಮಾಡುವ ದುಂಡನೆಯ ವ್ಯಾಕ್ಯೂಮ್ ಡಬ್ಬಿ, ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಸಿಲಿಂಡರು ಬಿಚ್ಚಿ ತಂದ. ಕೈ ಎಳೆಯುವುದು ಸ್ವಲ್ಪ, ಮಿಕ್ಕ ಭಾರವನ್ನೆಲ್ಲ ಆ ಡಬ್ಬಿಯೇ ಹೊರುತ್ತದೆ. ಎಣ್ಣೆ ಸೋರಿತು, ವಾಷರು ಬದಲಾಯಿತು, ಮತ್ತೆ ಸೋರಿತು. ಕೊನೆಗೊಂದು ದಿನ ಇವರು ಹಿಡಿಯನ್ನು ಎರಡೇ ಬೆರಳಲ್ಲಿ ಎಳೆದು, ಗೇರು ಹಾಕಿ, ನಿಧಾನವಾಗಿ ಬಿಟ್ಟರು. ಗಾಡಿ ಹೊರಟಿತು. ನನ್ನ ಕಾಲು ನೆಲದ ಮೇಲೆ ಸುಮ್ಮನಿತ್ತು.

ದಾವಣಗೆರೆಯಲ್ಲಿ ಪರೀಕ್ಷೆಗೆ ಬಂದ ಇನ್ಸ್‌ಪೆಕ್ಟರು ಗಾಡಿಯ ಸುತ್ತ ಒಂದು ಸುತ್ತು ಬಂದು, ಹಿಡಿಯನ್ನು ತಾವೇ ಎಳೆದು ನೋಡಿ, "ಏರಿನ ಮ್ಯಾಲೆ ನಿಲ್ಸಿ, ಹಿಂದಕ್ಕೆ ಜಾರದಂಗೆ ಎತ್ರಿ ನೋಡಾನ" ಅಂದರು. ನಾನು ದೂರದ ಹುಣಸೆಮರದ ಕೆಳಗೆ ನಿಂತಿದ್ದೆ. ಗಾಡಿ ಏರಿನಲ್ಲಿ ನಿಂತಿತು, ಹೊಗೆ ಬಿಟ್ಟಿತು, ಒಂದಿಷ್ಟೂ ಹಿಂದೆ ಸರಿಯದೆ ಮೇಲೆ ಹೋಯಿತು. ನಾನು ಹತ್ತಿರ ಬರುವಷ್ಟರಲ್ಲಿ ಇನ್ಸ್‌ಪೆಕ್ಟರು ಎಡಸೀಟಿನ ಮುಂದಿನ ಪೆಡಲ್ ತೋರಿಸಿ, "ಇದನ್ನ ತೆಗೆಸಿಬಿಡಿ" ಅಂದರು. ಮೆಕ್ಯಾನಿಕ್ ನನ್ನ ಮುಖ ನೋಡಿದ. "ತೆಗಿಯಣ್ಣ, ಮೊಣಕಾಲಿಗೆ ಬಡಿತಿತ್ತು" ಅಂದೆ. ಬಡಿಯುತ್ತಿದ್ದುದು ನಿಜ. ಆದರೆ ಕಟಿಂಗ್ ಮಿಷಿನ್ನಿನ ಕಿಡಿ ಹಾರುವಾಗ ನಾನು ಅಲ್ಲಿ ನಿಲ್ಲಲಿಲ್ಲ.

ಆಮೇಲೆ ಅವರು ಬೆಳಿಗ್ಗೆ ಜೊತೆಗಾರರ ಜೊತೆ ಹೊರಟುಬಿಡುತ್ತಿದ್ದರು. ಕೆರೆಬಿಳಚಿ, ಸಾಸ್ವೆಹಳ್ಳಿ, ಎಲ್ಲೆಲ್ಲಿಂದಲೋ ಕರೆ ಬರುತ್ತಿತ್ತು. ನಾನು ಅಂಗಡಿಯಲ್ಲಿ ಬೇಗ ಬಾಗಿಲು ತೆರೆದು ಕೂರುತ್ತಿದ್ದೆ. ಗಿರಾಕಿಗಳು "ಈಗ ನೀವು ಬೆಳಿಗ್ಗೆನೂ ಸಿಗ್ತೀರಲ್ಲ, ಒಳ್ಳೇದಾತು" ಎನ್ನುತ್ತಿದ್ದರು. ಹೂಂ, ಒಳ್ಳೆಯದೇ ಆಯಿತು. ಆದರೆ ರಸ್ತೆಯಲ್ಲಿ ಯಾವ ಡೀಸೆಲ್ ಗಾಡಿ ಗೇರು ಬದಲಿಸಿದರೂ ನನ್ನ ಬಲಗಾಲು ಮಿಷಿನ್ನಿನ ಮೇಲೆ ತಾನಾಗಿ ಒತ್ತುತ್ತಿತ್ತು. ಹೊಲಿಗೆ ಸೊಟ್ಟಗಾಗುತ್ತಿತ್ತು.

ಈ ನಡುವೆ ಜಗಳೂರು ಕಡೆಯಿಂದ ನನ್ನ ಅಣ್ಣ ಫೋನ್ ಮಾಡಿದ. ಅವನ ಈರುಳ್ಳಿ ಹೊಲದ ಬೋರಿನಲ್ಲಿ ಮೋಟಾರು ಸಿಕ್ಕಿಕೊಂಡಿತ್ತು. ಅಲ್ಲಿ ಎತ್ತುವವರೆಲ್ಲ ಬೇರೆ ಬೇರೆ ಕೆಲಸದಲ್ಲಿದ್ದರು. "ಭಾವ ಬರಾಕೆ ಆಗ್ತೈತಾ? ಕೇಳಾಕೂ ಸಂಕೋಚ" ಅಂದ. ಅಪಘಾತವಾದಮೇಲೆ ಇವರು ನನ್ನ ತವರಿಗೆ ಕಾಲಿಟ್ಟಿರಲಿಲ್ಲ. ಅಣ್ಣ ಅತ್ತಿಗೆ ನೋಡಲು ಬಂದಾಗಲೂ ಲುಂಗಿಯನ್ನು ಪಾದದವರೆಗೆ ಇಳಿಬಿಟ್ಟು ಕೂತಿರುತ್ತಿದ್ದರು. ಮನೆಯೊಳಗೂ ಆ ಕಾಲನ್ನು ಬಾಗಿಲು ಹಾಕಿಕೊಂಡೇ ಬಿಚ್ಚುತ್ತಿದ್ದರು.

ಕೇಳಿದೆ. ಅವರು "ನೀನೂ ಬಾ" ಅಂದರು.

ಮುಂಜಾನೆ ಹೊರಟೆವು. ಜೊತೆಗಾರರಿಬ್ಬರೂ ಹಿಂದೆ, ನಾನು ಎಡಸೀಟಿನಲ್ಲಿ. ದಾವಣಗೆರೆ ದಾಟಿದ ಮೇಲೆ ಗದ್ದೆ, ತೋಟ ಹಿಂದೆ ಬಿದ್ದು ಬಯಲು ತೆರೆದುಕೊಂಡಿತು. ಗಾಳಿ ಒಣಗಿತ್ತು. ಅಣ್ಣನ ಹೊಲಕ್ಕೆ ಹೋಗಲು ಒಂದು ಹಳ್ಳ ಇಳಿದು ಏರಬೇಕು. ಇವರು ನಾಲ್ಕೂ ಚಕ್ರದ ಗೇರು ಹಾಕಿ, ಮರಳಿನಲ್ಲಿ ಒಂದೇ ವೇಗದಲ್ಲಿ ದಾಟಿಸಿದರು. ದಡದ ಮೇಲೆ ಅಣ್ಣನ ಜೊತೆ ಇಡೀ ಓಣಿಯೇ ನಿಂತಿತ್ತು. ಎಲ್ಲರ ಕಣ್ಣೂ ಇವರು ಹೇಗೆ ಇಳಿಯುತ್ತಾರೆ ಎಂಬುದರ ಮೇಲೆ. ಇವರು ಇಳಿಯಲೇ ಇಲ್ಲ. ಸೀಟಿನಲ್ಲೇ ಕೂತು ಕೆಲಸ ಶುರುಮಾಡಿದರು.

ಮೋಟಾರು ಕೆಳಗೆ ಕಲ್ಲಿಗೆ ಕಚ್ಚಿಕೊಂಡಿತ್ತು. ಎಳೆದರೆ ಹಗ್ಗ ತಂತಿಯ ಹಾಗೆ ಬಿಗಿಯಾಗುತ್ತಿತ್ತು. ಇವರು ಸ್ವಲ್ಪ ಎಳೆಸಿ, ಸ್ವಲ್ಪ ಬಿಟ್ಟು, ಮತ್ತೆ ಎಳೆಸಿ, ಹಾಗೇ ಆಟವಾಡಿಸುತ್ತಿದ್ದರು. ಬಿಸಿಲು ಏರಿತು. ಇಂಜಿನ್ನಿನ ಕಾವು ಒಳಗೆ ಹೊಡೆಯುತ್ತಿತ್ತು. ಅವರ ಮುಖ ನೋಡಿದೆ. ಕೃತಕ ಕಾಲು ತೊಡೆಗೆ ಕೂತಲ್ಲಿ ಬೆವರಿ ಉರಿಯುತ್ತಿದೆ ಎಂದು ಗೊತ್ತಾಯಿತು. ಮನೆಯಲ್ಲಾಗಿದ್ದರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು.

"ಒಂದು ಗಳಿಗೆ ನಿಲ್ಸಿ, ಮನೆಗೆ ಹೋಗಿ ಬರಾನಾ?" ಎಂದು ಮೆಲ್ಲಗೆ ಕೇಳಿದೆ.

ಅವರು ಬೋರಿನ ಕಡೆ ನೋಡಿದರು, ನಿಂತ ಜನರ ಕಡೆ ನೋಡಿದರು. ಪೈಪಿಗೆ ಕ್ಲಾಂಪ್ ಹಾಕಿಸಿದರು. ಆಮೇಲೆ ಪ್ಯಾಂಟನ್ನು ತೊಡೆಯವರೆಗೆ ಮೇಲೆತ್ತಿ, ಪಟ್ಟಿ ಸಡಿಲಿಸಿ, ಎಲ್ಲರೂ ನೋಡುತ್ತಿರುವಾಗಲೇ ಕಾಲನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು.

"ಹಿಂದೆ ಸ್ಪ್ಯಾನರ್ ಹತ್ರ ಇಡು. ಬಿಸಿಲಿಗೆ ಇಡಬ್ಯಾಡ."

ಅತ್ತಿಗೆ ಒಂದು ಚೊಂಬು ನೀರು, ಒಗೆದ ಪಂಜೆ ತಂದುಕೊಟ್ಟಳು. ಇವರು ಒದ್ದೆ ಬಟ್ಟೆಯಿಂದ ತೊಡೆ ಒರೆಸಿಕೊಂಡು, ಉಸಿರು ಬಿಟ್ಟು, ಮತ್ತೆ ಹಿಡಿಗೆ ಕೈ ಹಾಕಿದರು. ಅಣ್ಣ ಬಂದು ಜೀಪಿನ ಪಕ್ಕ ನಿಂತ. "ಭಾವ, ಅದನ್ನ ಹೆಂಗೆ ಮಾಡ್ಸಿದ್ರಿ, ಆ ಕೈ ಕ್ಲಚ್ಚು?" ಎಂದು ಕೇಳಿದ. ಇವರು ಹೇಳತೊಡಗಿದರು. ಚನ್ನಗಿರಿಯ ಲೇತು, ತುಂಡಾದ ಕೇಬಲ್ಲು, ಪಿಕಪ್ಪಿನ ಡಬ್ಬಿ. ಜನ ಹತ್ತಿರ ಬಂದು ಬಗ್ಗಿ ನೋಡಿದರು. ಎಲ್ಲರೂ ನೋಡುತ್ತಿದ್ದುದು ಹಿಡಿಯನ್ನು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಒಳಗಿನಿಂದ ಗುಡ್ ಎಂದು ಸದ್ದಾಗಿ ಹಗ್ಗ ಹಗುರವಾಯಿತು. ಒಂದೊಂದೇ ಪೈಪು ಮೇಲೆ ಬಂತು. ಕೊನೆಗೆ ಕೆಸರು ಮೆತ್ತಿದ ಮೋಟಾರು ಬಂದಾಗ ಅಣ್ಣ ಅದನ್ನು ತಬ್ಬಿಕೊಂಡಂತೆ ಹಿಡಿದು ಇಳಿಸಿದ. ಅಣ್ಣನ ಮನೆಯ ಕಟ್ಟೆಯ ಮೇಲೆ ಜೋಳದ ರೊಟ್ಟಿ, ಹಸಿ ಈರುಳ್ಳಿ, ಕಡಲೆಬೀಜದ ಚಟ್ನಿ. ಇವರು ಕಾಲು ಹಾಕಿಕೊಳ್ಳದೆ, ಕೋಲೂರಿ ಬಂದು ಎಲ್ಲರ ಸಾಲಿನಲ್ಲೇ ಕೂತು ಉಂಡರು. ಅತ್ತಿಗೆ ಬೇಡವೆಂದರೂ ಕೇಳದೆ ಬಡಿಸಿದಳು. ಅವರು ಅಷ್ಟು ರೊಟ್ಟಿ ತಿಂದದ್ದನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ.

ವಾಪಸು ಬರುವಾಗ ಜೊತೆಗಾರರು ಹಿಂದೆ ನಿದ್ದೆ ಹೋಗಿದ್ದರು. ಇವರು ಇದ್ದಕ್ಕಿದ್ದಂತೆ, "ಇದಕ್ಕೊಂದು ಪವರ್ ಸ್ಟೀರಿಂಗ್ ಹಾಕಿಸ್ಬೇಕು" ಅಂದರು.

"ನಿಮ್ಮ ಕೈಗೆ ಇದೇನು ಭಾರ ರೀ?"

"ನನಗಲ್ಲ. ನಿನಗೆ. ಕ್ಲಚ್ ನಿನಗೆ ನನಗಿಂತ ಚೆನ್ನಾಗಿ ಬರ್ತೈತೆ. ಈ ಸ್ಟೀರಿಂಗ್ ತಿರುವಾಕೆ ಮಾತ್ರ ನಿನ್ನ ತೋಳಿಗೆ ಆಗಲ್ಲ."

ನಾನು ಹೊರಗೆ ನೋಡಿದೆ. ಅವರ ಮುಖ ನೋಡಿದರೆ ಅಳುತ್ತೇನೆಂದು ಗೊತ್ತಿತ್ತು.

ಮೆಕ್ಯಾನಿಕ್ ಅದನ್ನೂ ಹಾಕಿಕೊಟ್ಟ. ಬಲಸೀಟಿನ ಹಳೆಯ ಕ್ಲಚ್ ಪೆಡಲ್ ಹೇಗೂ ಇದ್ದೇ ಇತ್ತು. ಡ್ರೈವಿಂಗ್ ಸ್ಕೂಲಿನವನ ಹತ್ತಿರ ಹೋಗಿ ಸೇರಿದೆ. ಕ್ಲಚ್ ಬಿಡುವುದನ್ನು ನೋಡಿ ಅವನು, "ಎಲ್ಲಿ ಕಲಿತಿದ್ರಿ?" ಎಂದು ಕೇಳಿದ. ಲೈಸೆನ್ಸೂ ಬಂತು. ಈಗ ದೂರದ ಕೆಲಸವಿದ್ದರೆ ಹೋಗುವಾಗ ಅವರು, ಬರುವಾಗ ನಾನು. ನಾನು ತಿರುವಿನಲ್ಲಿ ಗೇರು ಇಳಿಸುವುದು ತಡ ಮಾಡುತ್ತೇನೆ ಎನ್ನುವುದು ಅವರ ದೂರು. ಅವರು ಪಕ್ಕದಲ್ಲಿ ಕೂತು ಬಾಯಿ ಮುಚ್ಚುವುದಿಲ್ಲ ಎನ್ನುವುದು ನನ್ನದು.